ಟಾರ್ಪಿಡೋ ಇಲ್ಲದ ಸಬ್‌ಮೆರೀನು

ಮೊದಲನೆಯ ಮಹಾಯುದ್ಧದ ಪಾಠ ಬಂದಾಗ ಸಬ್‌ಮೆರೀನು ಎಂದ ಕೂಡಲೇ ಮಕ್ಕಳಿಗೆ ಟಾರ್ಪಿಡೋ ನೆನಪಾಗುತ್ತದೆ. 1915ರ ಮೇ 7ರಂದು ಐರ್ಲೆಂಡಿನ ಬಳಿ ಲ್ಯುಸಿಟಾನಿಯಾ ಹಡಗನ್ನು ಮುಳುಗಿಸಿದ ಯು-20ರ ಕಥೆ ಎಲ್ಲರಿಗೂ ಗೊತ್ತು. ಪೆರಿಸ್ಕೋಪಿನಲ್ಲಿ ನೋಡುವುದು, ಗುರಿಯಿಡುವುದು, ಹೊಡೆಯುವುದು. ನಮ್ಮ ಮನಸ್ಸಿನಲ್ಲಿರುವ ಚಿತ್ರ ಇಷ್ಟೇ. ಆದರೆ ಅದೇ ವರ್ಷ ಜರ್ಮನಿ ಒಂದೇ ಒಂದು ಟಾರ್ಪಿಡೋ ಕೂಡ ಇಲ್ಲದ ಪುಟ್ಟ ಸಬ್‌ಮೆರೀನುಗಳನ್ನು ಕಡಲಿಗಿಳಿಸಿತು. ಶತ್ರುವಿನ ಹಡಗನ್ನು ನೋಡಬೇಕಾದ ಅಗತ್ಯವೇ ಅವಕ್ಕೆ ಇರಲಿಲ್ಲ. ಗುಟ್ಟಾಗಿ ಬಂದು, ನೀರಿನಡಿ ಮೈನುಗಳನ್ನು ಇಟ್ಟು, ಗುಟ್ಟಾಗಿ ಹಿಂದಿರುಗುವುದು ಅವುಗಳ ಕೆಲಸ. ಅಂಥ ಒಂದು ದೋಣಿ ಯುಸಿ-5. ಅದರ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಮೈನು ಎಂದರೇನು ಎಂದು ತಿಳಿಯಬೇಕು. ಅದು ಸ್ಫೋಟಕ ತುಂಬಿದ ಕಬ್ಬಿಣದ ದೊಡ್ಡ ಗುಂಡು. ಒಳಗೆ ಗಾಳಿಯೂ ಇರುವುದರಿಂದ ತೇಲುತ್ತದೆ. ಆದರೆ ತಂತಿಹಗ್ಗದಿಂದ ಕೆಳಗಿನ ಭಾರವಾದ ಲಂಗರಿಗೆ ಕಟ್ಟಿರುವುದರಿಂದ ಮೇಲಕ್ಕೆ ಬರಲಾರದು. ನೀರಿನ ಮಟ್ಟಕ್ಕಿಂತ ಕೆಲವು ಅಡಿ ಕೆಳಗೆ, ಯಾರ ಕಣ್ಣಿಗೂ ಕಾಣದೆ ನಿಂತಿರುತ್ತದೆ. ಅದರ ಮೈಮೇಲೆ ಸೀಸದ ಕೊಂಬುಗಳಿರುತ್ತವೆ. ಹಡಗಿನ ತಳ ಕೊಂಬಿಗೆ ತಗುಲಿದರೆ ಸೀಸ ಬಾಗಿ, ಒಳಗಿನ ಗಾಜಿನ ನಳಿಗೆ ಒಡೆಯುತ್ತದೆ. ಅದರಲ್ಲಿರುವ ದ್ರಾವಣ ಕೆಳಗಿನ ಇಂಗಾಲ ಮತ್ತು ಸತುವಿನ ಫಲಕಗಳಿಗೆ ಇಳಿದಾಗ ವಿದ್ಯುತ್ ಹುಟ್ಟಿ, ಕಿಡಿ ಹೊತ್ತಿ, ಗುಂಡು ಸಿಡಿಯುತ್ತದೆ. ವಿಜ್ಞಾನದ ತರಗತಿಯಲ್ಲಿ ನಾವು ಮಾಡಿ ತೋರಿಸುವ ಸರಳ ವಿದ್ಯುತ್ ಕೋಶದ ತತ್ತ್ವವೇ ಇಲ್ಲಿಯೂ ಇದೆ! ಹಡಗು ಬಂದು ತಗುಲುವ ತನಕ ಕೋಶಕ್ಕೆ ಜೀವವಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಕಾದರೂ ಅದು ಕೆಡುವುದಿಲ್ಲ.

ಸಬ್‌ಮೆರೀನಿನಿಂದ ಮೈನು ಹಾಕುವ ಯೋಚನೆ ಜರ್ಮನರದ್ದಲ್ಲ. ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಪೋರ್ಟ್ ಆರ್ಥರ್‌ನಲ್ಲಿದ್ದ ಮಿಖಾಯಿಲ್ ನಲ್ಯೋತೊವ್ ಎಂಬ ರಷ್ಯದ ಎಂಜಿನಿಯರನಿಗೆ ಇದು ಹೊಳೆದಿತ್ತು. ಅವನ ವಿನ್ಯಾಸದ 'ಕ್ರಾಬ್' (ಎಂದರೆ ಏಡಿ) ಎಂಬ ಸಬ್‌ಮೆರೀನು 1912ರಲ್ಲಿ ನೀರಿಗಿಳಿದರೂ ಸೇವೆಗೆ ಸೇರುವಾಗ 1915 ಆಗಿತ್ತು. ಅಷ್ಟರಲ್ಲಿ ಜರ್ಮನರು ತಮ್ಮದೇ ದಾರಿ ಕಂಡುಕೊಂಡಿದ್ದರು. 1914ರಲ್ಲಿ ಬೆಲ್ಜಿಯಂನ ಕರಾವಳಿ ಅವರ ಕೈಸೇರಿತು. ಅಲ್ಲಿಂದ ಇಂಗ್ಲೆಂಡಿನ ದಡ ಹತ್ತಿರ. ದೂರ ಹೋಗುವ ದೊಡ್ಡ ದೋಣಿ ಬೇಕಿಲ್ಲ, ಬೇಗ ಕಟ್ಟಿ ಮುಗಿಸುವ ಸಣ್ಣ ದೋಣಿ ಸಾಕು ಎಂಬ ಲೆಕ್ಕ. ರೈಲಿನ ಮೇಲೆ ತುಂಡುತುಂಡಾಗಿ ಸಾಗಿಸಿ ಬೇರೆ ಊರಿನಲ್ಲಿ ಜೋಡಿಸಬಹುದಾದಷ್ಟು ಸಣ್ಣದಾಗಿ ಯುಸಿ ದೋಣಿಗಳ ನಕ್ಷೆ ತಯಾರಾಯಿತು. ಹ್ಯಾಂಬುರ್ಗಿನ ವುಲ್ಕಾನ್ ಕಾರ್ಖಾನೆಯಲ್ಲಿ 10, ಬ್ರೆಮೆನ್ನಿನ ವೇಸರ್ ಕಾರ್ಖಾನೆಯಲ್ಲಿ 5, ಒಟ್ಟು 15 ದೋಣಿಗಳು. ಯುಸಿ-5 ಹ್ಯಾಂಬುರ್ಗಿನದ್ದು. 1915ರ ಜೂನ್ ತಿಂಗಳಲ್ಲಿ ಅದು ನೌಕಾಪಡೆಗೆ ಸೇರಿತು.

ಅದರ ಅಳತೆ ನೋಡಿ. ಉದ್ದ 34 ಮೀಟರ್, ಅಗಲ 3 ಮೀಟರಿಗಿಂತ ತುಸು ಹೆಚ್ಚು, ತೂಕ 168 ಟನ್ನು. ನೀರಿನ ಮೇಲೆ ಓಡಲು 90 ಅಶ್ವಶಕ್ತಿಯ ಒಂದು ಎಂಜಿನು, ಮುಳುಗಿದಾಗ ಬಳಸಲು ಒಂದು ವಿದ್ಯುತ್ ಮೋಟಾರು, ಎರಡಕ್ಕೂ ಸೇರಿ ಒಂದೇ ಒಂದು ಚಕ್ರ. ವೇಗ ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರಿನಷ್ಟು. ನಿಧಾನವಾಗಿ ಸೈಕಲ್ ತುಳಿಯುವವನಿಗಿಂತ ಹೆಚ್ಚಿಲ್ಲ! ಒಳಗಿದ್ದವರು 14 ಮಂದಿ. ಆತ್ಮರಕ್ಷಣೆಗೆ ಒಂದು ಮೆಷಿನ್‌ಗನ್ ಬಿಟ್ಟರೆ ಬೇರೇನೂ ಇಲ್ಲ.

ದೋಣಿಯ ಮುಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುವ ಆರು ಕೊಳವೆಗಳಿದ್ದವು. ಒಂದೊಂದರ ಅಗಲ ಒಂದು ಮೀಟರ್. ಪ್ರತಿ ಕೊಳವೆಯಲ್ಲಿ ಒಂದರ ಮೇಲೊಂದು ಎರಡು ಮೈನು, ಒಟ್ಟು 12. ಒಂದೊಂದರಲ್ಲೂ 120 ಕಿಲೋಗ್ರಾಂ ಸ್ಫೋಟಕ. ಕೊಳವೆಗಳ ಎರಡೂ ಬಾಯಿ ಕಡಲಿಗೆ ತೆರೆದೇ ಇರುತ್ತಿದ್ದುದರಿಂದ ಮೈನುಗಳು ಸದಾ ನೀರಿನಲ್ಲಿ ನೆನೆಯುತ್ತಿದ್ದವು. ಒಳಗಿನಿಂದ ಅವನ್ನು ಮುಟ್ಟುವ ಹಾಗಿಲ್ಲ. ಮೈನು ಎಷ್ಟು ಆಳದಲ್ಲಿ ನಿಲ್ಲಬೇಕು ಎಂಬುದನ್ನು ಬಂದರು ಬಿಡುವ ಮೊದಲೇ ನಿಗದಿ ಮಾಡಬೇಕಿತ್ತು. ಹೊರಟ ಮೇಲೆ ಬದಲಾಯಿಸುವ ಹಾಗಿರಲಿಲ್ಲ.

ಕೊಕ್ಕೆ ಬಿಟ್ಟಾಗ ಮೈನು ತನ್ನ ಲಂಗರಿನೊಡನೆ ಕೊಳವೆಯಿಂದ ಜಾರಿ ಕಡಲ ತಳಕ್ಕೆ ಇಳಿಯುತ್ತದೆ. ಆಗ ದೋಣಿ ಅದರ ನೆತ್ತಿಯ ಮೇಲೆಯೇ ಇರುತ್ತದಲ್ಲ! ಆದ್ದರಿಂದ ನೀರಿನಲ್ಲಿ ಮೆಲ್ಲನೆ ಕರಗುವ ಒಂದು ಬೆಣೆಯನ್ನು ಮೈನಿಗೂ ಲಂಗರಿಗೂ ನಡುವೆ ಇಟ್ಟಿದ್ದರು. ಬೆಣೆ ಕರಗಿದ ಮೇಲೆಯೇ ಮೈನು ಬಿಡಿಸಿಕೊಂಡು ಮೇಲೇರಬೇಕು. ಅಷ್ಟರಲ್ಲಿ ದೋಣಿ ಜಾಗ ಬಿಟ್ಟಿರಬೇಕು. ಹದಿನಾಲ್ಕು ಜನರ ಪ್ರಾಣ ಈ ಬೆಣೆಯ ಮೇಲೆ ನಿಂತಿತ್ತು.

ಲೆಕ್ಕ ತಪ್ಪಿದ್ದೂ ಉಂಟು. 1916ರ ಮಾರ್ಚ್ 16ರಂದು ಇಟಲಿಯ ಟಾರಂಟೋ ಬಂದರಿನ ಹೊರಗೆ ಯುಸಿ-12 ತನ್ನದೇ ಮೈನು ಸಿಡಿದು ಮುಳುಗಿತು. ಇಟಲಿಯವರು ಅದನ್ನು ಮೇಲೆತ್ತಿ ನೋಡಿದರೆ, ಆಸ್ಟ್ರಿಯಾದ ಹೆಸರಿನಲ್ಲಿ ಓಡಾಡುತ್ತಿದ್ದ ಆ ದೋಣಿಯಲ್ಲಿದ್ದವರು ಜರ್ಮನರು! ಇಟಲಿ ಮತ್ತು ಜರ್ಮನಿಯ ನಡುವೆ ಆಗ ಯುದ್ಧವೇ ಘೋಷಣೆಯಾಗಿರಲಿಲ್ಲ. ಅದಕ್ಕೂ ಮೊದಲು, 1915ರ ಜುಲೈನಲ್ಲಿ, ಇಂಗ್ಲೆಂಡಿನ ಯಾರ್ಮತ್ ಬಳಿ ಒಂದು ಸರಕು ಹಡಗು ಅಕಸ್ಮಾತ್ತಾಗಿ ಯುಸಿ-2ಕ್ಕೆ ಡಿಕ್ಕಿ ಹೊಡೆಯಿತು. ಮುಳುಗುಗಾರರು ಕೆಳಗಿಳಿದು ಪರೀಕ್ಷಿಸಿದಾಗ ಈ ವಿಚಿತ್ರ ಕೊಳವೆಗಳು ಕಂಡವು. ತಮ್ಮ ಕಣ್ಣೆದುರಿನ ನೀರಿನಲ್ಲಿ ಮೈನುಗಳನ್ನು ಇಡುತ್ತಿರುವವರು ಯಾರು ಎಂಬ ಬ್ರಿಟಿಷರ ಒಗಟು ಬಿಡಿಸಿದ್ದು ಹೀಗೆ.

ಯುಸಿ-5ರ ಮೊದಲ ಕಪ್ತಾನ ಹರ್ಬರ್ಟ್ ಪುಸ್ಟ್‌ಕುಖೆನ್. 1915ರ ಆಗಸ್ಟ್‌ನಲ್ಲಿ ಅವನು ಡೋವರ್ ಜಲಸಂಧಿಯನ್ನು ದಾಟಿ ಇಂಗ್ಲಿಷ್ ಕಾಲುವೆಯಲ್ಲಿ ಮೈನು ಹಾಕಿ ಬಂದ. ಫ್ರಾನ್ಸಿಗೆ ಸೈನಿಕರನ್ನು ಒಯ್ಯುವ, ಗಾಯಾಳುಗಳನ್ನು ತರುವ ಹಡಗುಗಳೆಲ್ಲ ಓಡಾಡುತ್ತಿದ್ದ ದಾರಿ ಅದು. ಒಂದು ವರ್ಷವೂ ತುಂಬದ ಸೇವೆಯಲ್ಲಿ ಈ ಸೈಕಲ್ ವೇಗದ ದೋಣಿ ಇಟ್ಟ ಮೈನುಗಳಿಗೆ ಸುಮಾರು 30 ಹಡಗುಗಳು ಬಲಿಯಾದವು.

ಅವುಗಳಲ್ಲಿ ಒಂದು 'ಆಂಗ್ಲಿಯಾ' ಎಂಬ ಆಸ್ಪತ್ರೆ ಹಡಗು. ಅಂಥ ಹಡಗಿಗೆ ಬಿಳಿ ಬಣ್ಣ ಬಳಿದು, ಹಸಿರು ಪಟ್ಟೆ ಎಳೆದು, ಕೆಂಪು ಶಿಲುಬೆಯ ಗುರುತು ಇಟ್ಟಿರಬೇಕು, ಅದರ ಮೇಲೆ ಯಾರೂ ದಾಳಿ ಮಾಡಬಾರದು ಎಂಬುದು ಆಗಿನ ಅಂತರರಾಷ್ಟ್ರೀಯ ನಿಯಮವಾಗಿತ್ತು. 1915ರ ನವೆಂಬರ್ ಆರಂಭದಲ್ಲಿ, ಫ್ರಾನ್ಸಿನಲ್ಲಿ ಕುದುರೆಯಿಂದ ಬಿದ್ದು ಗಾಯಗೊಂಡಿದ್ದ ಐದನೆಯ ಜಾರ್ಜ್ ದೊರೆಯನ್ನು ಇಂಗ್ಲೆಂಡಿಗೆ ಕರೆತಂದದ್ದು ಇದೇ ಹಡಗು. ಎರಡು ವಾರ ಕಳೆದು ನವೆಂಬರ್ 17ರ ನಡುಮಧ್ಯಾಹ್ನ, ನೂರಾರು ಗಾಯಾಳುಗಳನ್ನು ಹೊತ್ತು ಬರುತ್ತಿದ್ದಾಗ, ಫೋಕ್‌ಸ್ಟನ್ ಬಳಿ ಅದು ಯುಸಿ-5 ಹಾಕಿದ್ದ ಮೈನಿಗೆ ತಗುಲಿತು. ಹಾಸಿಗೆ ಬಿಟ್ಟು ಏಳಲಾರದವರು, ಕೈಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರು ಹೇಗೆ ಈಜಿಯಾರು? 130ಕ್ಕೂ ಹೆಚ್ಚು ಮಂದಿ ಸತ್ತರು. ಸಹಾಯಕ್ಕೆ ಬಂದ ಒಂದು ಸರಕು ಹಡಗು ಕೂಡ ಇನ್ನೊಂದು ಮೈನಿಗೆ ತಗುಲಿ ಮುಳುಗಿತು.

ಪುಸ್ಟ್‌ಕುಖೆನ್ ಆಂಗ್ಲಿಯಾವನ್ನು ಗುರಿಯಾಗಿ ಆರಿಸಿದವನಲ್ಲ. ಆದರೆ ಅವನು ಹಾಕಿದ ಮೈನಿಗೆ ಬಿಳಿ ಬಣ್ಣ ಕಾಣುವುದಿಲ್ಲ, ಕೆಂಪು ಶಿಲುಬೆ ಓದಲು ಬರುವುದಿಲ್ಲ.

ಇದೇ ಕಪ್ತಾನನ ಇನ್ನೊಂದು ಕೆಲಸದ ಜೊತೆ ಇದನ್ನು ಹೋಲಿಸಿ ನೋಡಬೇಕು. 1916ರ ಮಾರ್ಚ್ 24ರಂದು ಯುಬಿ-29 ಎಂಬ ಬೇರೊಂದು ಸಬ್‌ಮೆರೀನಿನಿಂದ ಅವನು 'ಸಸೆಕ್ಸ್' ಎಂಬ ಪ್ರಯಾಣಿಕರ ಹಡಗಿಗೆ ಟಾರ್ಪಿಡೋ ಹೊಡೆದ. ಸತ್ತವರು ಸುಮಾರು 50 ಜನ. ಗಾಯಗೊಂಡವರಲ್ಲಿ ಅಮೆರಿಕನ್ನರೂ ಇದ್ದರು. ಅಮೆರಿಕಾ ಜವಾಬು ಕೇಳಿದಾಗ ಜರ್ಮನಿ ಮೊದಲು ಕೊಟ್ಟ ಉತ್ತರ ಏನು ಗೊತ್ತೇ? ಅದು ಬಹುಶಃ ಮೈನಿಗೆ ತಗುಲಿರಬೇಕು ಎಂದು! ಆದರೆ ಹಡಗಿನಲ್ಲಿ ಜರ್ಮನ್ ಟಾರ್ಪಿಡೋದ ಚೂರುಗಳು ಸಿಕ್ಕಿದವು. ಅಧ್ಯಕ್ಷ ವಿಲ್ಸನ್ ಸಂಬಂಧ ಕಡಿದುಕೊಳ್ಳುವ ಎಚ್ಚರಿಕೆ ಕೊಟ್ಟ ಮೇಲೆ, ಮುನ್ಸೂಚನೆ ಇಲ್ಲದೆ ವ್ಯಾಪಾರಿ ಹಡಗುಗಳನ್ನು ಮುಳುಗಿಸುವುದಿಲ್ಲ ಎಂದು ಜರ್ಮನಿ ಮೇ ತಿಂಗಳಲ್ಲಿ ಮಾತು ಕೊಡಬೇಕಾಯಿತು. ಮುಂದೆ 1917ರಲ್ಲಿ ಆ ಮಾತನ್ನು ಮುರಿದದ್ದು ಬೇರೆ ವಿಷಯ.

ಟಾರ್ಪಿಡೋ ಆದರೆ ಹೊಡೆದವನು ಒಬ್ಬನಿರುತ್ತಾನೆ, ಅವನನ್ನು ಪ್ರಶ್ನಿಸಬಹುದು. ಮೈನು ಸಿಡಿದಾಗ ಹಾಕಿದವನು ಸ್ಥಳದಲ್ಲಿರುವುದಿಲ್ಲ. ಅದಕ್ಕೇ 'ಮೈನು' ಎಂಬುದು ಒಂದು ಸರ್ಕಾರಕ್ಕೆ ಒಳ್ಳೆಯ ನೆಪವಾಗಿ ಕಂಡಿತು.

ಹಾಗಾದರೆ ಕಾನೂನು ಇರಲಿಲ್ಲವೇ? ಇತ್ತು. 1907ರ ಹೇಗ್ ಒಪ್ಪಂದದಲ್ಲಿ, ವ್ಯಾಪಾರಿ ಹಡಗುಗಳನ್ನು ತಡೆಯುವ ಉದ್ದೇಶವೊಂದರಿಂದಲೇ ಶತ್ರುವಿನ ದಡದಲ್ಲಿ ಮೈನು ಹಾಕಬಾರದು ಎಂದಿತ್ತು. ಆ 'ಒಂದರಿಂದಲೇ' ಎಂಬ ಮಾತನ್ನು ಗಮನಿಸಿ. ಯುದ್ಧನೌಕೆಗಳಿಗೂ ಸೇರಿಸಿಯೇ ಹಾಕಿದೆವು ಎಂದರೆ ಮುಗಿಯಿತು. ಸಾಲದ್ದಕ್ಕೆ ಜರ್ಮನಿ ಈ ವಿಧಿಯನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಸಹಿ ಹಾಕಿತ್ತು.

ಮೈನಿಗೆ ದೊಡ್ಡವರು ಸಣ್ಣವರು ಎಂಬ ಭೇದವೂ ಇಲ್ಲ. ಭಾರತದಲ್ಲಿ 1902ರಿಂದ 1909ರವರೆಗೆ ಸೇನಾಧಿಪತಿಯಾಗಿದ್ದ, ಲಾರ್ಡ್ ಕರ್ಜನ್ ಜೊತೆ ಜಗಳವಾಡಿ 1905ರಲ್ಲಿ ಆತನ ರಾಜೀನಾಮೆಗೆ ಕಾರಣನಾದ ಲಾರ್ಡ್ ಕಿಚನರ್, 1916ರ ಜೂನ್ 5ರಂದು ರಷ್ಯಾಕ್ಕೆ ಹೊರಟಿದ್ದ. ಅವನಿದ್ದ 'ಹ್ಯಾಂಪ್‌ಶೈರ್' ಯುದ್ಧನೌಕೆ ಆರ್ಕ್‌ನಿ ದ್ವೀಪಗಳ ಬಳಿ ಯು-75 ಎಂಬ ದೊಡ್ಡ ಮೈನು ಸಬ್‌ಮೆರೀನು ವಾರದ ಹಿಂದೆ ಹಾಕಿದ್ದ ಮೈನಿಗೆ ತಗುಲಿತು. ಬದುಕಿದವರು 12 ಜನ. ಅವರಲ್ಲಿ ಕಿಚನರ್ ಇರಲಿಲ್ಲ. ಅವನು ಆ ದಾರಿಯಲ್ಲಿ ಬರುತ್ತಾನೆಂದು ತಿಳಿದು ಹಾಕಿದ ಮೈನು ಅದಲ್ಲ. ಬ್ರಿಟಿಷ್ ನೌಕಾಪಡೆಗೆಂದು ಹಾಕಿದ್ದು.

ಈ ಮೈನುಗಳನ್ನು ತೆಗೆದವರು ಯಾರು? ಹೆಚ್ಚಾಗಿ ಮೀನುಗಾರರು. ಬ್ರಿಟಿಷ್ ನೌಕಾಪಡೆ ಮೀನು ಹಿಡಿಯುವ ಟ್ರಾಲರುಗಳನ್ನೂ ಅದರಲ್ಲಿ ದುಡಿಯುವವರನ್ನೂ ಸೇವೆಗೆ ಸೇರಿಸಿಕೊಂಡಿತು. ಜೋಡಿ ದೋಣಿಯಲ್ಲಿ ಬಲೆ ಎಳೆದಂತೆ, ಎರಡು ಟ್ರಾಲರುಗಳು ನಡುವೆ ಉಕ್ಕಿನ ಹಗ್ಗ ಕಟ್ಟಿಕೊಂಡು ಸಾಗುತ್ತಿದ್ದವು. ಹಗ್ಗಕ್ಕೆ ಸಿಕ್ಕಿದ ಮೈನು ಲಂಗರಿನಿಂದ ಕಡಿದು ಮೇಲೆ ಬಂದಾಗ ಗುಂಡು ಹೊಡೆದು ಸಿಡಿಸುವುದು ಅಥವಾ ಮುಳುಗಿಸುವುದು. ಎಷ್ಟೋ ಟ್ರಾಲರುಗಳು ಈ ಕೆಲಸದಲ್ಲೇ ಸಿಡಿದು ಹೋದವು. ಇಂದು ಗುಡಿಸಿದ ದಾರಿಗೆ ನಾಳೆ ಬೆಳಗಾಗುವುದರೊಳಗೆ ಇನ್ನೊಂದು ಯುಸಿ ದೋಣಿ ಬಂದು ಹೋಗಿರಬಹುದು. ಆದ್ದರಿಂದ ಮತ್ತೆ ಗುಡಿಸಬೇಕು, ಪ್ರತಿದಿನ.

ಯುಸಿ-5ರ ಕೊನೆ ಮಾತ್ರ ಮೈನಿನಿಂದ ಆಗಲಿಲ್ಲ. 1916ರ ಏಪ್ರಿಲ್ 27ರಂದು, ಎರಡನೆಯ ಕಪ್ತಾನ ಉಲ್ರಿಖ್ ಮೋರ್‌ಬುಟ್ಟರ್ ನಡೆಸುತ್ತಿದ್ದಾಗ, ಇಂಗ್ಲೆಂಡಿನ ಪೂರ್ವ ಕರಾವಳಿಯ ಶಿಪ್‌ವಾಶ್ ಎಂಬ ಮರಳದಿಣ್ಣೆಯ ಮೇಲೆ ಅದು ಹೂತು ನಿಂತಿತು. ದೋಣಿಯನ್ನು ಸ್ಫೋಟಿಸಿ ನಾಶಮಾಡುವ ಪ್ರಯತ್ನ ಪೂರ್ತಿ ಫಲಿಸಲಿಲ್ಲ. 'ಫೈರ್‌ಡ್ರೇಕ್' ಎಂಬ ಬ್ರಿಟಿಷ್ ನೌಕೆ ಬಂದು ಎಲ್ಲರನ್ನೂ ಸೆರೆಹಿಡಿಯಿತು. ದೋಣಿಯನ್ನು ಎಳೆದು ತಂದು, ಲಂಡನ್ನಿನ ಥೇಮ್ಸ್ ನದಿಯಲ್ಲಿ ಜನರಿಗೆ ತೋರಿಸಿದರು. 1917ರಲ್ಲಿ ಅಮೆರಿಕಾಕ್ಕೆ ಸಾಗಿಸಿ, ಯುದ್ಧ ಸಾಲಪತ್ರದ ಪ್ರಚಾರಕ್ಕೆಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಇಟ್ಟರು. ಪುಸ್ಟ್‌ಕುಖೆನ್ ಅದೇ ವರ್ಷ ಯುಸಿ-66ರ ಜೊತೆ ಮುಳುಗಿ ಸತ್ತ. ಮೊದಲ ಸರಣಿಯ 15 ದೋಣಿಗಳಲ್ಲಿ ಕೊನೆಯವರೆಗೆ ಜರ್ಮನರ ಕೈಯಲ್ಲಿ ಉಳಿದದ್ದು ಯುಸಿ-4 ಒಂದೇ. 1918ರ ಅಕ್ಟೋಬರಿನಲ್ಲಿ ಬೆಲ್ಜಿಯಂ ಬಿಟ್ಟು ಹೋಗುವಾಗ ಅದನ್ನೂ ತಾವೇ ಮುಳುಗಿಸಿದರು.

1918ರ ನವೆಂಬರ್ 11ರಂದು ಯುದ್ಧ ನಿಂತಿತು ಎಂದು ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಉತ್ತರ ಸರಿಯೇ, ಅಂಕವನ್ನೂ ಕೊಡಬೇಕು. ಆದರೆ ಆ ದಿನ ಕದನವಿರಾಮದ ಸುದ್ದಿ ಮನುಷ್ಯರಿಗೆ ಮುಟ್ಟಿತೇ ಹೊರತು ಕಡಲಿನೊಳಗೆ ನಿಂತಿದ್ದ ಮೈನುಗಳಿಗೆ ಮುಟ್ಟಲಿಲ್ಲ. ಅವನ್ನು ಹುಡುಕಿ ತೆಗೆಯುವ ಕೆಲಸ 1919ರಲ್ಲೂ ನಡೆಯಿತು, ಆಗಲೂ ಜನ ಸತ್ತರು. ಇನ್ನು ಮುಂದೆ ಈ ಪಾಠ ಮಾಡುವಾಗ ಲ್ಯುಸಿಟಾನಿಯಾದ ಜೊತೆ ಆಂಗ್ಲಿಯಾದ ಹೆಸರನ್ನೂ, ಕಪ್ತಾನರ ಜೊತೆ ಆ ಟ್ರಾಲರಿನ ಮೀನುಗಾರರನ್ನೂ ಒಂದು ಮಾತಿನಲ್ಲಾದರೂ ನೆನೆದರೆ ಒಳ್ಳೆಯದು.