ಕೊಂಬಿನ ಅಣಬೆ ಜೀರುಂಡೆ

ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ, ಲಡ್ಡು ಹಿಡಿದ ಮರಗಳಿಗೆ ತಟ್ಟೆಯಂತೆ ಅಂಟಿ ಬೆಳೆಯುವ ಗಟ್ಟಿ ಅಣಬೆಗಳಲ್ಲೇ ಹುಟ್ಟಿ, ಅವನ್ನೇ ತಿಂದು ಬದುಕುವ ಕೀಟ. ವೈಜ್ಞಾನಿಕ ಹೆಸರು ಬೋಲಿಟೋಥೆರಸ್ ಕಾರ್ನ್ಯೂಟಸ್. ಇದು ಟೆನೆಬ್ರಿಯೋನಿಡೇ ಕುಟುಂಬಕ್ಕೆ ಸೇರಿದೆ. ಅಡುಗೆಮನೆಯ ಹಿಟ್ಟಿನ ಡಬ್ಬಿಗೆ ಬರುವ ಕೆಂಪು ಹುಳು ಇದರ ನೆಂಟ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಮೈ ತರಿತರಿಯಾಗಿ ತೊಗಟೆಯನ್ನೇ ಹೋಲುತ್ತದೆ. ಗಂಡಿಗೆ ಮಾತ್ರ ಎದೆಭಾಗದ ಮೇಲಿನಿಂದ ಮುಂದಕ್ಕೆ ಚಾಚಿದ ಎರಡು ಕೊಂಬುಗಳಿವೆ.

ಕುಟುಂಬದ ಹೆಸರಿನ ಬೇರು 1758ರಲ್ಲಿ ಲಿನೇಯಸ್ ಇಟ್ಟ 'ಟೆನೆಬ್ರಿಯೋ' ಎಂಬ ಕುಲನಾಮ. ಕತ್ತಲನ್ನು ಬಯಸುವವನು ಎಂದರ್ಥ. ಕೊಂಬಿನ ಜೀರುಂಡೆಯನ್ನು 1794ರಲ್ಲಿ ವರ್ಣಿಸಿದವರು ಜರ್ಮನಿಯ ನ್ಯೂರೆಂಬರ್ಗಿನ ವೈದ್ಯ ಪಾಂಜರ್. ಈಗಿನ ಕುಲನಾಮ ಬೆಲ್ಜಿಯಂನ ಕಾಂಡೇಜ್ 1861ರಲ್ಲಿ ಕೊಟ್ಟದ್ದು. ಹೆಸರು ಸಿಕ್ಕರೂ ಬದುಕಿನ ಕಥೆ ವಿವರವಾಗಿ ತಿಳಿಯಲು ಬಹುಕಾಲ ಹಿಡಿಯಿತು. ಲೈಲ್ಸ್ (1956) ಮತ್ತು ಪೇಸ್ (1967) ಅವರ ಅಧ್ಯಯನಗಳು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು. ಹೆಣ್ಣು ಅಣಬೆಯ ಮೇಲೆ ಒಂದೊಂದೇ ಮೊಟ್ಟೆಯಿಟ್ಟು ಕಪ್ಪು ಮುಚ್ಚಳ ಹಾಕುತ್ತದೆ. ಮರಿಹುಳು ಅಣಬೆಯೊಳಗೆ ಸುರಂಗ ಕೊರೆಯುತ್ತ ಬೆಳೆದು ಅಲ್ಲೇ ಕೋಶವಾಗುತ್ತದೆ. ಈ ಜೀರುಂಡೆಯ ಮುಖ್ಯ ಆಸರೆಗಳಲ್ಲೊಂದು ಗೆನೋಡರ್ಮಾ ಕುಲದ ಅಣಬೆ. ನಮ್ಮ ಅಡಿಕೆ, ತೆಂಗಿನ ತೋಟಗಳ ಅಣಬೆ ರೋಗಕ್ಕೂ ಇದೇ ಕುಲ ಕಾರಣ.

ಈ ಚರಿತ್ರೆಯಲ್ಲಿ ತೀರ ಬೆರಗು ಹುಟ್ಟಿಸುವುದು 1985ರ ಶೋಧ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದಿರುವ ಈ ಜೀರುಂಡೆ, ಸ್ತನಿಯ ಬೆಚ್ಚನೆಯ ಉಸಿರು ತಾಕಿದಾಗ ಹಿಂಬದಿಯ ಗ್ರಂಥಿಗಳನ್ನು ಹೊರಚಾಚಿ ಕ್ವಿನೋನ್ ಎಂಬ ಕಟು ರಾಸಾಯನಿಕವನ್ನು ಒಡ್ಡುತ್ತದೆ. ಇದನ್ನು ತೋರಿಸಿದವರು ಜೆಫ್ರಿ ಕಾನರ್, ಥಾಮಸ್ ಐಸ್ನರ್ ಮತ್ತು ಸಂಗಡಿಗರು. ಕತ್ತಲಲ್ಲಿ ಮೂಸುತ್ತ ಬರುವ ಇಲಿಯನ್ನು, ಅದು ಬಾಯಿ ಹಾಕುವ ಮೊದಲೇ, ಉಸಿರಿನಿಂದ ಗುರುತಿಸುವ ಉಪಾಯವಿದು.

ಗಂಡಿಗೆ ಕೊಂಬು ಏತಕ್ಕೆ ಎಂಬ ಪ್ರಶ್ನೆಯನ್ನು ಕಾನರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಗೆತ್ತಿಕೊಂಡರು. ಹೆಣ್ಣಿನ ಬೆನ್ನೇರಿದ ಎದುರಾಳಿಯನ್ನು ಗಂಡು ಕೊಂಬಿನಿಂದ ಮೀಟಿ ಎಬ್ಬಿಸುತ್ತದೆ; ಉದ್ದ ಕೊಂಬಿನವಕ್ಕೆ ಸಂಗಾತಿಗಳು ಸಿಗುವ ಸಂಭವ ಹೆಚ್ಚು. ಮುಂದೆ ವರ್ಜೀನಿಯಾದ ಮೌಂಟನ್ ಲೇಕ್ ಜೀವವಿಜ್ಞಾನ ಕೇಂದ್ರದ ಕಾಡಿನಲ್ಲಿ ವಿನ್ಸೆಂಟ್ ಫಾರ್ಮಿಕಾ ಮತ್ತು ಸಂಗಡಿಗರು ಜೀರುಂಡೆಗಳ ಬೆನ್ನಿಗೆ ಗುರುತಿನ ಚೀಟಿ ಅಂಟಿಸಿ, ಯಾವುದು ಯಾವುದರ ಬಳಿ ಸುಳಿಯುತ್ತದೆ ಎಂದು ದಾಖಲಿಸಿದರು. ಒಡನಾಟದ ಜಾಲದ ನಡುವಿನಲ್ಲಿದ್ದ ಗಂಡುಗಳು ಹೆಚ್ಚು ಬಾರಿ ಕೂಡಿದ್ದನ್ನು 2012ರಲ್ಲಿ ಪ್ರಕಟಿಸಿದರು. ಒಂಟಿ ಎಂದುಕೊಂಡಿದ್ದ ಹುಳುವಿಗೆ ಕೊಳೆತ ದಿಮ್ಮಿಯ ಮೇಲೊಂದು ನೆರೆಹೊರೆಯಿತ್ತು.