ದೇವರ ಬೆಟ್ಟಗಳು, ಕಾನೂನಿನ ಹೆಸರುಗಳು

ನನ್ನಜ್ಜಿಯ ಊರು ಚಾಮುಂಡಿ ಬೆಟ್ಟದ ಬುಡದಲ್ಲಿದೆ. ಮದುವೆಯಾಗಿ ಬಂದ ಹೊಸದರಲ್ಲಿ, ಸುಗ್ಗಿ ಮುಗಿದ ಮೇಲೆ, ಊರ ಹೆಂಗಸರ ಜೊತೆ ಬೆಟ್ಟದ ಓರೆಗೆ ಹೋಗಿ ಹಂಚಿಕಡ್ಡಿ ಕೊಯ್ದು ತರುತ್ತಿದ್ದಳಂತೆ. ವರ್ಷಕ್ಕಾಗುವಷ್ಟು ಪೊರಕೆ. ಗಾರ್ಡು ಕಂಡರೆ ಹೊರೆ ಅಲ್ಲೇ ಬಿಟ್ಟು ಓಟ. “ಬೆಟ್ಟ ಅಮ್ಮಂದು ಕಣವ್ವ, ಅವ್ನು ಕಾಯೋಕ್ ಬಂದವ್ನೆ ಅಷ್ಟೆ” ಎನ್ನುತ್ತಾಳೆ. ಮೈಸೂರು ಸೀಮೆಯ ಅರಣ್ಯ ಕಾನೂನುಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ, ನಾಲ್ಕು ವರ್ಷದ ಓದಿನ ನಂತರವೂ ಇದಕ್ಕಿಂತ ಸ್ಪಷ್ಟವಾದ ವಾದ ಸಿಕ್ಕಿಲ್ಲ. ತೊಡಕೆಂದರೆ, ಕಾನೂನು ಬೆಟ್ಟವನ್ನು ಅಮ್ಮನ ಹೆಸರಲ್ಲಿ ಕರೆಯುವುದಿಲ್ಲ.

ಚಾಮುಂಡಿ ಬೆಟ್ಟದ ಕಾಡಿಗೆ ಕಾಗದದಲ್ಲಿರುವ ಹೆಸರು ಮೀಸಲು ಅರಣ್ಯ. ಈ ಮಾತು ಹುಟ್ಟಿದ್ದು ಪ್ರಾಣಿಗಳಿಗಾಗಿ ಅಲ್ಲ, ಮರಕ್ಕಾಗಿ. ಮೈಸೂರಿನಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ, ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಕಾಲಕ್ಕೆ. ಆಗಿನ ಚಿಂತೆ ತೇಗ, ಗಂಧ, ಸೌದೆ. ಇವತ್ತು ಜಾರಿಯಲ್ಲಿರುವ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಅದೇ ಅಚ್ಚು: 4ನೇ ಸೆಕ್ಷನ್ನಿನಡಿ ಮೊದಲ ಅಧಿಸೂಚನೆ, ಆಮೇಲೆ ಒಬ್ಬ ಅಧಿಕಾರಿ ಕೂತು ಹಕ್ಕುದಾರರ ಮಾತು ಕೇಳುವುದು, ಕೊನೆಗೆ 17ನೇ ಸೆಕ್ಷನ್ನಿನ ಅಂತಿಮ ಅಧಿಸೂಚನೆ. ಗಡಿ ಕಲ್ಲು ಬಿದ್ದ ಮೇಲೆ ಒಳಗೆ ಕಡಿಯುವುದು, ಮೇಯಿಸುವುದು, ಬೆಂಕಿ ಹಾಕುವುದು ಅಪರಾಧ. ಚಿರತೆಯ ವಾಸಕ್ಕಾಗಲಿ ನವಿಲಿನ ಮೊಟ್ಟೆಗಾಗಲಿ ಅಂಥ ಕಾಡನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಚಿಂತೆ ಅದರ ಮೂಲದಲ್ಲೇ ಇಲ್ಲ.

ಕಾಡುಪ್ರಾಣಿಗಳಿಗೆಂದೇ ಜಾಗ ಮೀಸಲಿಡುವ ಆಲೋಚನೆಗೂ ಮೈಸೂರಲ್ಲಿ ದೇವರದೇ ಹೆಸರು. 1931ರಲ್ಲಿ ಮಹಾರಾಜರ ಸರ್ಕಾರ ಬಂಡೀಪುರದ ಬಳಿ ಸುಮಾರು 90 ಚದರ ಕಿ.ಮೀ. ಕಾಡನ್ನು ಮೀಸಲಿಟ್ಟು ಅದಕ್ಕೆ ‘ವೇಣುಗೋಪಾಲ ವನ್ಯಜೀವಿ ಉದ್ಯಾನ’ ಎಂದು ಹೆಸರಿಟ್ಟಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲಿನ ಸ್ವಾಮಿಯ ಹೆಸರು. ಬೇಟೆಯಾಡುತ್ತಿದ್ದ ಅರಮನೆಯೇ ಬೇಟೆಯ ಕಾಡನ್ನು ಕಾಯತೊಡಗಿದ್ದು ನಮ್ಮ ಸಂರಕ್ಷಣೆಯ ಚರಿತ್ರೆಯ ಹಳೆಯ ತಮಾಷೆ. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಸೇರಿತು. ಈಗ ಗೋಪಾಲಸ್ವಾಮಿಯ ದರ್ಶನಕ್ಕೆ ಹೋಗುವವರು ಕಾರನ್ನು ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು, ಕತ್ತಲಾಗುವ ಮುಂಚೆ ಇಳಿಯಬೇಕು. ಇಲ್ಲಿ ಚಾಮುಂಡಿಗೆ ಆಷಾಢ ಶುಕ್ರವಾರ ಬರುವ ಜನಸಾಗರವನ್ನು ನೆನೆದರೆ ಎರಡೂ ಒಂದೇ ಸೀಮೆಯ ಬೆಟ್ಟಗಳೆಂದು ನಂಬುವುದು ಕಷ್ಟ.

ಸುತ್ತಲ ದೇವರ ಬೆಟ್ಟಗಳಿಗೆಲ್ಲ ಒಂದೊಂದು ಹಣೆಪಟ್ಟಿ. ಚೆಲುವನಾರಾಯಣನ ಮೇಲುಕೋಟೆಯಲ್ಲಿ ತೋಳಗಳಿಗಾಗಿ 1974ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 50 ಚದರ ಕಿ.ಮೀ. ಆದಿಚುಂಚನಗಿರಿಯ ನವಿಲುಧಾಮ 1981ರದ್ದು, ಒಂದು ಚದರ ಕಿ.ಮೀ. ಕೂಡ ಇಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ 2013ರಲ್ಲಿ ವನ್ಯಜೀವಿಧಾಮದ ಪಟ್ಟ. ಬಿಳಿಗಿರಿರಂಗನ ಬೆಟ್ಟದ ಕಥೆ ಮಾತ್ರ ಬೇರೆಯೇ ತೂಕದ್ದು. 1974ರಲ್ಲಿ ಅಲ್ಲಿ ವನ್ಯಜೀವಿಧಾಮವಾದ ಮೇಲೆ ಸೋಲಿಗರ ಬೇಸಾಯ, ಬೇಟೆ, ಕಾಡಿಗೆ ಬೆಂಕಿ ಹಾಕುವ ರೂಢಿ ಎಲ್ಲ ನಿಂತವು. ಮುಂದೆ ಜೇನು, ನೆಲ್ಲಿಕಾಯಿ ಮಾರಾಟಕ್ಕೂ ತಡೆ ಬಂತು. 2011ರ ಆರಂಭದಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಹೆಸರು ಬಿಗಿಯಾದಷ್ಟೂ ಕಾಡು ಉಳಿಯುತ್ತದೆ ಎಂದು ಲೆಕ್ಕ ಹಾಕುವವರು ಈ ಬೆಟ್ಟದ ಎದುರು ಒಂದು ಗಳಿಗೆ ನಿಲ್ಲಬೇಕು.

ಇನ್ನು ಚಾಮುಂಡಿ. 1972ರ ವನ್ಯಜೀವಿ ಕಾಯ್ದೆ ಈಗ ‘ಸಂರಕ್ಷಿತ ಪ್ರದೇಶ’ ಎಂದು ಎಣಿಸುವುದು ನಾಲ್ಕನ್ನು: ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಮತ್ತು 2002ರ ತಿದ್ದುಪಡಿಯಲ್ಲಿ ಸೇರಿದ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು. ಮೀಸಲು ಅರಣ್ಯ ಈ ಎಣಿಕೆಯಲ್ಲಿಲ್ಲ. ಹಾಗೆಂದು ಅದು ದಿಕ್ಕಿಲ್ಲದ್ದೇನಲ್ಲ; 1980ರ ಅರಣ್ಯ ಕಾಯ್ದೆಯಿಂದಾಗಿ ಕೇಂದ್ರದ ಒಪ್ಪಿಗೆಯಿಲ್ಲದೆ ಅದನ್ನು ಬೇರೆ ಕೆಲಸಕ್ಕೆ ಕೊಡುವಂತಿಲ್ಲ. ಆದರೆ ಬೆಟ್ಟವೆಲ್ಲ ಕಾಡಲ್ಲವಲ್ಲ. ದೇವಸ್ಥಾನ, ಊರು, ಪಂಚಾಯಿತಿ, ಅರಮನೆಯ ಆಸ್ತಿ, ರಸ್ತೆ, ಅಂಗಡಿ, ನಡುವೆ ಕಾಡು. 2021ರ ಅಕ್ಟೋಬರ್ ಮಳೆಗೆ ನಂದಿಗೆ ಹೋಗುವ ರಸ್ತೆ ಕುಸಿಯಿತು. ನೀರು ಯಾವುದು ಕಾಡು, ಯಾವುದು ರಸ್ತೆ ಎಂದು ಕೇಳಿ ಹರಿಯುವುದಿಲ್ಲ. 2022ರಲ್ಲಿ ರೋಪ್‌ವೇ ಮಾಡುತ್ತೇವೆಂದರು. ಮೈಸೂರಿನ ಜನ ವಿರೋಧಿಸಿದ ಮೇಲೆ ಅದೇ ವರ್ಷ ಕೈಬಿಟ್ಟರು. ಅದನ್ನು ನಿಲ್ಲಿಸಿದ್ದು ಯಾವ ಸೆಕ್ಷನ್ನೂ ಅಲ್ಲ, ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತುವವರ ಸಿಟ್ಟು ಎಂದೇ ನನ್ನ ಅನಿಸಿಕೆ. ಸಿಟ್ಟು ಪ್ರತಿ ಸಲ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂಬ ಭರವಸೆ ನನಗಿಲ್ಲ.

ಬೆಟ್ಟವನ್ನು ವನ್ಯಜೀವಿಧಾಮ ಮಾಡಿಬಿಡಿ ಎನ್ನುವ ಗೆಳೆಯರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅಜ್ಜಿಯಂಥವರಿಗೆ ಈಗಾಗಲೇ ಮುಚ್ಚಿರುವ ಬಾಗಿಲಿಗೆ ಇನ್ನೊಂದು ಚಿಲಕ ಬೀಳುತ್ತದೆ, ಮೇಲೆ ಹೋಗುವ ಕಾರುಗಳೇನೂ ಕಡಿಮೆಯಾಗುವುದಿಲ್ಲ. ಸಂರಕ್ಷಣಾ ಮೀಸಲು ಎಂಬ ಹೆಸರು ಕೇಳಲು ಸಪ್ಪೆ, ಕಾನೂನಿನಲ್ಲಿ ಅದಕ್ಕಿರುವ ಬಲವೂ ಮೆದು. ಆದರೆ ಅದನ್ನು ಘೋಷಿಸುವ ಮೊದಲು ಸ್ಥಳೀಯರೊಡನೆ ಸಮಾಲೋಚನೆ ಆಗಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ಅರಣ್ಯ ಇಲಾಖೆಯವರ ಜೊತೆ ಆ ಜಾಗಕ್ಕೆ ಸೇರಿದ ಒಂದೊಂದು ಗ್ರಾಮ ಪಂಚಾಯಿತಿಯಿಂದಲೂ ಒಬ್ಬ ಪ್ರತಿನಿಧಿ ಕೂರಬೇಕು. ಯಾವ ಓರೆಯಲ್ಲಿ ಹುಲ್ಲು ಕೊಯ್ಯಬಹುದು, ಬೇಸಿಗೆಯ ಬೆಂಕಿಗೆ ಎಲ್ಲಿ ಗೆರೆ ಕಡಿಯಬೇಕು ಎಂಬಂಥ ಮಾತು ಆಡಲು ಒಂದು ಜಾಗವಾದರೂ ಆಗುತ್ತದೆ.

ಹೋದ ವಾರ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತುಸು ಹೊತ್ತು ಕೇಳಿಸಿಕೊಂಡು, ಮೊರ ಕುಕ್ಕಿ, “ಮೀಟಿಂಗು ಯಾವತ್ತಂತೆ?” ಎಂದಳು.