ತಿರುವಲ್ಲಿಕೇಣಿಯ ಮಂಡಯಂ ಮನೆತನಗಳು ಮತ್ತು ‘ಇಂಡಿಯಾ’ ಪತ್ರಿಕೆ

ಮದರಾಸಿನ ತ್ರಿಪ್ಲಿಕೇನ್, ಅಂದರೆ ಅಲ್ಲಿನವರ ಬಾಯಲ್ಲಿ ತಿರುವಲ್ಲಿಕೇಣಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ವೇಳೆಗೆ ಮೈಸೂರು ಸೀಮೆಯಿಂದ ಬಂದ ಹಲವು ಮಂಡಯಂ ಅಯ್ಯಂಗಾರ್ ಕುಟುಂಬಗಳ ನೆಲೆಯಾಗಿತ್ತು. ಮೇಲುಕೋಟೆಯೊಂದಿಗೆ ತಲೆಮಾರುಗಳ ನಂಟುಳ್ಳ, ಮನೆಯಲ್ಲಿ ಕನ್ನಡ ಬೆರೆತ ತಮಿಳನ್ನಾಡುವ ಈ ಶ್ರೀವೈಷ್ಣವ ಸಮುದಾಯದಿಂದಲೇ ವಿವೇಕಾನಂದರನ್ನು 1893ರಲ್ಲಿ ಚಿಕಾಗೋಗೆ ಕಳುಹಿಸಲು ಹಣ ಕೂಡಿಸಿದ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅಳಸಿಂಗ ಪೆರುಮಾಳ್ ಬಂದರು. ಅದೇ ಸಮುದಾಯದ ಮುಂದಿನ ಪೀಳಿಗೆಯ ಕೆಲವು ತರುಣರು ಹಿಡಿದ ಹಾದಿ ಬೇರೆಯಾಗಿದ್ದು, ಅದು ಅವರನ್ನು ಬ್ರಿಟಿಷ್ ಗುಪ್ತಚರರ ಕಡತಗಳೊಳಕ್ಕೆ ಕೊಂಡೊಯ್ದಿತು.

1906ರಲ್ಲಿ ಮಂಡಯಂ ತಿರುಮಲಾಚಾರ್ಯರು ಹಣ ಹೂಡಿ ಆರಂಭಿಸಿದ ತಮಿಳು ವಾರಪತ್ರಿಕೆ ‘ಇಂಡಿಯಾ’ಕ್ಕೆ ಬರವಣಿಗೆಯ ಜೀವಾಳವಾಗಿ ನಿಂತವರು ಕವಿ ಸುಬ್ರಹ್ಮಣ್ಯ ಭಾರತಿ. ಕೆಂಪು ಕಾಗದದಲ್ಲಿ ಅಚ್ಚಾಗಿ, ರಾಜಕೀಯ ವ್ಯಂಗ್ಯಚಿತ್ರಗಳನ್ನು ಹೊತ್ತು ಬರುತ್ತಿದ್ದ ಆ ಪತ್ರಿಕೆಯನ್ನು ಚಂದಾದಾರರಷ್ಟೇ ಆಸಕ್ತಿಯಿಂದ ಸರ್ಕಾರವೂ ಓದುತ್ತಿತ್ತು. ಏಕೆಂದರೆ ತಮಿಳು, ತೆಲುಗು, ಕನ್ನಡ, ಮಲಯಾಳ ಪತ್ರಿಕೆಗಳ ಸಾರವನ್ನು ಇಂಗ್ಲಿಷಿಗೆ ತಂದು ಗೋಪ್ಯ ವರದಿಯಾಗಿ ಮೇಲಧಿಕಾರಿಗಳಿಗೆ ಒಪ್ಪಿಸುವ ಭಾಷಾಂತರಕಾರರು ಮದರಾಸು ಸರ್ಕಾರದ ಸೇವೆಯಲ್ಲಿದ್ದರು. ಸಿ.ಐ.ಡಿ. ಎಂದು ಹೆಸರಾದ ಅಪರಾಧ ತನಿಖಾ ಇಲಾಖೆ ಈ ಪ್ರಾಂತದಲ್ಲಿ ಏರ್ಪಟ್ಟದ್ದೂ 1906ರಲ್ಲಿಯೇ. ಪತ್ರಿಕೆಯ ಮುದ್ರಕ ಮತ್ತು ಪ್ರಕಾಶಕರು ಯಾರೆಂಬುದನ್ನು ಮ್ಯಾಜಿಸ್ಟ್ರೇಟರ ಮುಂದೆ ಘೋಷಿಸಬೇಕೆಂದು 1867ರ ಮುದ್ರಣಾಲಯ ಕಾಯಿದೆ ವಿಧಿಸಿದ್ದುದರಿಂದ, ಬರೆದವರು ಯಾರೇ ಆಗಿರಲಿ, ರಾಜದ್ರೋಹದ ಮೊಕದ್ದಮೆ ಮೊದಲು ಬಂದು ಎರಗುತ್ತಿದ್ದುದು ಹಾಗೆ ಹೆಸರು ಕೊಟ್ಟವರ ಮೇಲೆ. 1908ರಲ್ಲಿ ‘ಇಂಡಿಯಾ’ದ ಪರವಾಗಿ ದಾಖಲೆಯಲ್ಲಿ ಹಾಗೆ ಹೆಸರಿದ್ದ ಶ್ರೀನಿವಾಸನ್ ಬಂಧಿತರಾಗಿ ಸೆರೆಮನೆ ಸೇರಿದರು, ಭಾರತಿ ಪುದುಚೇರಿಗೆ ಪಾರಾದರು. ಕವಿಯ ಹೆಸರು ಇಂದು ಮನೆಮಾತಾಗಿದೆ. ಅವರ ಬರಹದ ಶಿಕ್ಷೆಯನ್ನು ತಮ್ಮ ಮೇಲೆ ಎಳೆದುಕೊಂಡವರನ್ನು ಇತಿಹಾಸ ಒಂದು ಸಾಲಿನಲ್ಲಿ ಮುಗಿಸುತ್ತದೆ, ಇದು ನ್ಯಾಯವಲ್ಲ.

ಪುದುಚೇರಿ ಫ್ರೆಂಚರ ಅಧೀನದಲ್ಲಿದ್ದು, ಬ್ರಿಟಿಷ್ ಪೊಲೀಸರು ಅಲ್ಲಿ ಯಾರನ್ನೂ ನೇರವಾಗಿ ಹಿಡಿಯುವಂತಿರಲಿಲ್ಲ. 1910ರಲ್ಲಿ ಜಪಾನಿನ ವಶವಾದ ಕೊರಿಯಾದ ದೇಶಭಕ್ತರು 1919ರಲ್ಲಿ ತಮ್ಮ ತಾತ್ಕಾಲಿಕ ಸರ್ಕಾರವನ್ನು ಶಾಂಘೈನ ಫ್ರೆಂಚ್ ವಸಾಹತು ಬಡಾವಣೆಯಲ್ಲಿ ಕಟ್ಟಿಕೊಂಡದ್ದೂ ಇದೇ ಬಗೆಯ ಲೆಕ್ಕಾಚಾರದಿಂದ: ಒಂದು ಸಾಮ್ರಾಜ್ಯದ ಪೊಲೀಸರಿಂದ ತಪ್ಪಿಸಿಕೊಳ್ಳಲು ಇನ್ನೊಂದು ಸಾಮ್ರಾಜ್ಯದ ಗಡಿಯೇ ಮರೆಯಾಗಿತ್ತು. ಭಾರತಿಯವರ ಹಿಂದೆ ಪತ್ರಿಕೆಯೂ ಪುದುಚೇರಿಗೆ ಸಾಗಿತು. ಆದರೆ ಬ್ರಿಟಿಷ್ ಭಾರತದೊಳಕ್ಕೆ ಅದರ ಪ್ರವೇಶವನ್ನು ಸರ್ಕಾರ ತಡೆದುದರಿಂದ ಓದುಗರನ್ನು ಕಳೆದುಕೊಂಡು 1910ರ ಮಾರ್ಚ್‌ನಲ್ಲಿ ನಿಂತುಹೋಯಿತು.

1911ರ ಜೂನ್ 17ರಂದು ಮಣಿಯಾಚ್ಚಿ ರೈಲುನಿಲ್ದಾಣದಲ್ಲಿ ಕ್ರಾಂತಿಕಾರಿ ವಾಂಚಿನಾಥನ್ ತಿರುನಲ್ವೇಲಿಯ ಕಲೆಕ್ಟರ್ ಆಷ್‌ನನ್ನು ಗುಂಡಿಟ್ಟು ಕೊಂದ ಬಳಿಕ, ಕೊಲೆಗೆ ಅಲ್ಲಿ ಆಶ್ರಯ ಪಡೆದವರ ನಂಟಿದೆಯೆಂಬ ಶಂಕೆಯಿಂದ ಪುದುಚೇರಿಯ ಬೀದಿಗಳು ಗೂಢಚಾರರಿಂದ ತುಂಬಿದವು. ಪರಸ್ಥಳದಿಂದ ಬಂದು ನೆಲೆಸಿದವರು ಊರಿನ ಐವರು ಗಣ್ಯರಿಂದ ಪ್ರಮಾಣಪತ್ರ ತರಬೇಕೆಂಬ ನಿಯಮ ಜಾರಿಗೆ ಬಂದಿತು. ಲಂಡನ್ನಿನಿಂದ ತಪ್ಪಿಸಿಕೊಂಡು ಬಂದಿದ್ದ ಕ್ರಾಂತಿಕಾರಿ ವ.ವೇ.ಸು. ಅಯ್ಯರ್ ಅವರ ಮನೆಯ ಬಾವಿಯಲ್ಲಿ ಬಾಯಿ ಮುಚ್ಚಿದ ಪಾತ್ರೆಯೊಂದು ಸಿಕ್ಕಿ, ತೆರೆದು ನೋಡಿದರೆ ಅದರ ತುಂಬ ರಾಜದ್ರೋಹದ ಕಾಗದಗಳು. ಸಿಕ್ಕಿಹಾಕಿಸಲೆಂದೇ ಬೇಹುಗಾರರು ಅಲ್ಲಿ ಹಾಕಿಸಿದ್ದ ಸುಳ್ಳು ಸಾಕ್ಷ್ಯ ಅದು. ಬಚ್ಚಿಡುವುದಾಗಲಿ ಸುಡುವುದಾಗಲಿ ಬೇಡ, ಫ್ರೆಂಚ್ ಪೊಲೀಸರಿಗೇ ತಿಳಿಸಿ ಎಂದು ಸಲಹೆ ಕೊಟ್ಟವರು 1910ರಿಂದ ಅಲ್ಲಿದ್ದ ಅರವಿಂದ ಘೋಷ್. ಶೋಧನೆಗೆಂದು ಅರವಿಂದರ ಮನೆಗೆ ಬಂದ ಫ್ರೆಂಚ್ ನ್ಯಾಯಾಧಿಕಾರಿ ಮೇಜಿನ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳನ್ನು ಕಂಡು ಬೆರಗಾಗಿ, ಇಂಥ ಓದಿನವರ ಮೇಲೆ ಅಂಥ ಆರೋಪ ಹೊಂದುವುದಿಲ್ಲವೆಂದು ಹಿಂದಿರುಗಿದನು.

ಮಂಡಯಂ ಬಳಗದಲ್ಲಿ ಅತ್ಯಂತ ದೂರ ಸಾಗಿದವರು ಮದರಾಸಿನಲ್ಲಿ 1887ರಲ್ಲಿ ಹುಟ್ಟಿದ ಮಂಡಯಂ ಪಾರ್ಥಸಾರಥಿ ತಿರುಮಲಾಚಾರ್ಯ, ಅಂದರೆ ಎಂ.ಪಿ.ಟಿ. ಆಚಾರ್ಯ; ಪತ್ರಿಕೆಗೆ ಹಣ ಹೂಡಿದ ತಿರುಮಲಾಚಾರ್ಯರು ಬೇರೆ. ಪತ್ರಿಕೆಯ ಕೆಲಸದಲ್ಲಿ ಕೈಜೋಡಿಸಿ, ಪುದುಚೇರಿಯಿಂದ ಯುರೋಪಿಗೆ ಹೊರಟು, ಭಾರತೀಯ ಕ್ರಾಂತಿಕಾರಿಗಳ ನೆಲೆಯಾಗಿದ್ದ ಲಂಡನ್ನಿನ ಇಂಡಿಯಾ ಹೌಸ್‌ನಲ್ಲಿ ಸಾವರ್ಕರರ ಸಂಗಡಿಗರಾದ ಅವರು, ಸ್ಪೇನಿನ ವಿರುದ್ಧ ಹೋರಾಡುತ್ತಿದ್ದ ಮೊರಾಕ್ಕೋದ ರಿಫ್ ಜನರೊಂದಿಗೆ ಸೇರಿ ಯುದ್ಧವಿದ್ಯೆ ಕಲಿಯಲು 1909ರಲ್ಲಿ ಹೊರಟು ವಿಫಲರಾಗಿ, ಮುಂದೆ ಬರ್ಲಿನ್, ಇಸ್ತಾಂಬುಲ್, ನ್ಯೂಯಾರ್ಕ್, ಸ್ಟಾಕ್‌ಹೋಮ್‌ಗಳಲ್ಲಿ ಅಲೆದರು. 1920ರ ಅಕ್ಟೋಬರ್‌ನಲ್ಲಿ ತಾಷ್ಕೆಂಟ್‌ನಲ್ಲಿ ರಚನೆಯಾದ ಭಾರತೀಯ ಕಮ್ಯುನಿಸ್ಟ್ ಪಕ್ಷಕ್ಕೆ ಅಧ್ಯಕ್ಷರಾಗಿ, ಎಂ.ಎನ್. ರಾಯ್ ಅವರೊಂದಿಗಿನ ಭಿನ್ನಮತದಿಂದ ಹೊರಬಿದ್ದು, ಯಾವ ಪ್ರಭುತ್ವವನ್ನೂ ಒಪ್ಪದ ಅರಾಜಕತಾವಾದದತ್ತ ಹೊರಳಿದರು. ಇತ್ತ ಪುದುಚೇರಿಯಿಂದ ಹೊರಬಂದ ಭಾರತಿ 1918ರ ನವೆಂಬರ್‌ನಲ್ಲಿ ಗಡಿಯಲ್ಲಿಯೇ ಬಂಧಿತರಾಗಿ, ಕೆಲವು ವಾರ ಕಡಲೂರಿನ ಸೆರೆಯಲ್ಲಿದ್ದು, ಕೊನೆಗೆ ತಿರುವಲ್ಲಿಕೇಣಿಯ ತುಳಸಿಂಗ ಪೆರುಮಾಳ್ ದೇವಸ್ಥಾನದ ಬೀದಿಗೆ ಮರಳಿ 1921ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಆಚಾರ್ಯರಿಗೆ ಸ್ವದೇಶದ ನೆಲ ದೊರೆತದ್ದು 1935ರಲ್ಲಿ. ರಷ್ಯದ ಚಿತ್ರಕಲಾವಿದೆಯಾದ ಪತ್ನಿ ಮಗ್ದಾ ನಾಖ್‌ಮನ್ ಅವರೊಂದಿಗೆ ಮುಂಬಯಿಯಲ್ಲಿ ನೆಲೆಸಿದ ಅವರು, ಪತ್ನಿ ತೀರಿಕೊಂಡ ಮೂರು ವರ್ಷಗಳ ಬಳಿಕ, 1954ರಲ್ಲಿ, ಅಲ್ಲಿಯೇ ಕಡು ಬಡತನದಲ್ಲಿ ನಿಧನರಾದರು.